ಯಾವ ಕಂಪೈಲರ್ ಹಾಕಿಕೊಳ್ಳಲಿ?

ಕೆಮ್ಮಣ್ಣುಗುಂಡಿ, ಲಿಂಗದಹಳ್ಳಿ ಸುತ್ತಿನಿಂದ ಪ್ರೋಗ್ರಾಮಿಂಗ್ ಕಲಿಯಲು ಬರುವ ಮಕ್ಕಳಲ್ಲಿ ಒಂದು ಅನುಮಾನ ಇದ್ದೇ ಇರುತ್ತದೆ: ದುಡ್ಡು ಕೊಡದೆ ಸಿಗುವ ಕಂಪೈಲರ್‌ನಲ್ಲಿ ಏನೋ ಕೊರತೆ ಇರಲೇಬೇಕಲ್ಲವೇ?

ನಾವು ಸಿ ಅಥವಾ ಸಿ++ನಲ್ಲಿ ಬರೆದದ್ದನ್ನು ಯಂತ್ರದ ಆದೇಶಗಳಾಗಿ ಮಾಡಿಕೊಡುವ ತಂತ್ರಾಂಶವೇ ಕಂಪೈಲರ್. ಈ ಭಾಷೆಗಳು ಯಾವ ಕಂಪನಿಯ ಸೊತ್ತೂ ಅಲ್ಲ. ಅವುಗಳ ನಿಯಮಗಳನ್ನು ಅಂತರರಾಷ್ಟ್ರೀಯ ಮಾನಕ ಸಂಸ್ಥೆ ಐಎಸ್ಒ ಪ್ರಕಟಿಸುತ್ತದೆ. ಆ ನಿಯಮ ಪಾಲಿಸುವ ಕಂಪೈಲರನ್ನು ಯಾರು ಬೇಕಾದರೂ ಬರೆದು ಮಾರಬಹುದು, ಪುಕ್ಕಟೆ ಹಂಚಲೂಬಹುದು.

1987ರಲ್ಲಿ ಎರಡು ಕಂಪೈಲರ್‌ಗಳು ಹೊರಬಂದವು. ಬೋರ್ಲ್ಯಾಂಡ್ ಕಂಪನಿ ಮಾರಿದ ಟರ್ಬೊ ಸಿ ಒಂದು, ರಿಚರ್ಡ್ ಸ್ಟಾಲ್ಮನ್ ಮೂಲಸಂಕೇತದ ಸಮೇತ ಬಿಟ್ಟುಕೊಟ್ಟ ಜಿಸಿಸಿ ಇನ್ನೊಂದು. ನಮ್ಮ ಪಿಯು, ಇಂಜಿನಿಯರಿಂಗ್ ಲ್ಯಾಬ್‌ಗಳು ಬಹುಕಾಲ ಅಪ್ಪಿಕೊಂಡದ್ದು ಮೊದಲನೆಯದರ ತಮ್ಮ ಟರ್ಬೊ ಸಿ++ ಅನ್ನು. ಅದು ಬಂದದ್ದು 1990ರಲ್ಲಿ, ಸಿ++ಗೆ ಐಎಸ್ಒ ನಿಯಮ ಬಂದದ್ದು 1998ರಲ್ಲಿ! ಹಾಗಾಗಿಯೇ ‘ಐಒಸ್ಟ್ರೀಮ್ ಡಾಟ್ ಎಚ್’, ‘ಕ್ಲಿಯರ್ ಸ್ಕ್ರೀನ್’ ಎಂದು ಕಲಿತ ಮಕ್ಕಳು ಬೇರೆ ಕಂಪೈಲರ್ ಮುಂದೆ ಕುಳಿತರೆ ಸಾಲುಸಾಲು ಎರರ್. ಇನ್ನೊಂದು ತೊಡಕೂ ಇದೆ. ಟರ್ಬೊ ಸಿ++ನಲ್ಲಿ ಪೂರ್ಣಾಂಕ ಇಡುವ ‘ಇಂಟ್’ ಬರೀ ಎರಡು ಬೈಟ್; 32,767 ದಾಟಿದರೆ ಲೆಕ್ಕ ತಲೆಕೆಳಗು. ತೋಟದ 40,000 ಅಡಿಕೆಯನ್ನು ಅದರಲ್ಲಿ ತುಂಬಿ ನೋಡಿ, -25,536 ಎನ್ನುತ್ತದೆ. ಬೆಲೆಯ ಚೀಟಿ ಇದ್ದ ಮಾತ್ರಕ್ಕೆ ಸರಕು ಹಳಸುವುದಿಲ್ಲ ಎಂದೇನಿಲ್ಲ. ಜಿಸಿಸಿಯಾದರೋ ಇಂದಿಗೂ ವರ್ಷಕ್ಕೊಂದು ಹೊಸ ಆವೃತ್ತಿ ಕಾಣುತ್ತಿದೆ.

ಹಾಗಾದರೆ ದುಡ್ಡು ಕೊಡುವವರು ದಡ್ಡರೇ? ಅಲ್ಲ. ಕಾರಿನ ಬ್ರೇಕು, ಆಸ್ಪತ್ರೆಯ ಉಪಕರಣ ಮಾಡುವವರಿಗೆ ಕಂಪೈಲರ್ ಜೊತೆ ಸುರಕ್ಷತಾ ಪ್ರಮಾಣಪತ್ರವೂ, ತೊಂದರೆಯಾದಾಗ ಫೋನೆತ್ತಿ ಉತ್ತರಿಸುವವರೂ ಬೇಕು. ಐಎಆರ್‌ನಂಥ ಕಂಪನಿಗಳು ಮಾರುವುದು ಅದನ್ನೇ. ನೀವು ಕೆಮ್ಮಣ್ಣುಗುಂಡಿಯ ಗುಲಾಬಿ ತೋಟಕ್ಕೆ ಮಣ್ಣಿನ ತೇವ ಅಳೆಯುವ ಪುಟ್ಟ ಪೆಟ್ಟಿಗೆ ಮಾಡಹೊರಟರೆ ಅಷ್ಟೆಲ್ಲ ಬೇಡ. ಅಂಥ ಪೆಟ್ಟಿಗೆಗೆ ಬಳಸುವ ಆರ್ಡುಯಿನೊ ಉನೊ ಬೋರ್ಡ್‌ಗೆ ಕೋಡ್ ತಯಾರಿಸುವುದು ಜಿಸಿಸಿಯೇ.

ಪೂರ್ತಿ ಪುಕ್ಕಟೆಯದು, ದುಡ್ಡಿನದು, ಇವೆರಡರ ನಡುವೆ ಬರುವುದು ಮೈಕ್ರೋಸಾಫ್ಟ್‌ನ ವಿಷುಯಲ್ ಸ್ಟುಡಿಯೊ ಕಮ್ಯುನಿಟಿ. ಒಬ್ಬಂಟಿಯಾಗಿ ಕೆಲಸ ಮಾಡುವವರಿಗೆ ಇದು ಪುಕ್ಕಟೆ, ಬರೆದದ್ದನ್ನು ಮಾರಿದರೂ ಅಡ್ಡಿಯಿಲ್ಲ. 250ಕ್ಕೂ ಹೆಚ್ಚು ಕಂಪ್ಯೂಟರ್ ಅಥವಾ ವರ್ಷಕ್ಕೆ 10 ಲಕ್ಷ ಡಾಲರ್‌ಗೂ ಮೀರಿದ ಆದಾಯವಿರುವ ಕಂಪನಿ ತನ್ನ ಮಾಮೂಲಿ ಕೆಲಸಕ್ಕೆ ಇದನ್ನು ಬಳಸುವಂತಿಲ್ಲ. ಲೈಸೆನ್ಸ್ ಓದುವುದು ಬೇಸರದ ಕೆಲಸವೇ, ಆದರೆ ಇಂಥ ಷರತ್ತುಗಳು ಅಡಗಿರುವುದು ಅಲ್ಲೇ.

ಜಿಸಿಸಿಯಲ್ಲಿ ಕಂಪೈಲ್ ಮಾಡಿದರೆ ನಮ್ಮ ಕೋಡನ್ನೂ ಊರಿಗೆಲ್ಲ ಹಂಚಬೇಕಂತೆ ಎಂಬ ಸುದ್ದಿಯನ್ನು ನೀವೂ ಕೇಳಿರಬಹುದು. ಸುಳ್ಳು. ಜಿಸಿಸಿಯ ಲೈಸೆನ್ಸ್ ಆದ ಜಿಪಿಎಲ್‌ನ ಷರತ್ತು ಕಂಪೈಲರ್‌ಗೆ. ನಿಮ್ಮ ಪ್ರೋಗ್ರಾಮ್ ಜೊತೆ ಸೇರಿಕೊಳ್ಳುವ ಜಿಸಿಸಿ ಲೈಬ್ರರಿಗಳಿಗೆ ಪ್ರತ್ಯೇಕ ವಿನಾಯಿತಿ ಇದೆ. ಬರೆದದ್ದನ್ನು ಗುಟ್ಟಾಗಿಟ್ಟು ಮಾರಿಕೊಳ್ಳಬಹುದು.

ಉಬುಂಟುವಿನಲ್ಲಿ ‘ಬಿಲ್ಡ್ ಎಸೆನ್ಷಿಯಲ್’ ಪ್ಯಾಕೇಜ್ ಹಾಕಿದರೆ ಜಿಸಿಸಿ ಬಂದು ಕೂರುತ್ತದೆ. ವಿಂಡೋಸ್‌ನವರಿಗೆ ಜಿಸಿಸಿಯನ್ನೇ ತಂದುಕೊಡುವ ಮಿನ್‌ಜಿಡಬ್ಲ್ಯೂ ಇದೆ. ಆಮೇಲೆ ಇಂಟರ್ನೆಟ್ ಬೇಕಿಲ್ಲ. ಬೆಟ್ಟದ ಮೇಲೆ ಕುಳಿತು ಅಭ್ಯಾಸ ಮಾಡುವವರು ತರೀಕೆರೆಯಲ್ಲೇ ಡೌನ್‌ಲೋಡ್ ಮುಗಿಸಿಕೊಂಡು ಹತ್ತಿ.