ಬೂಷ್ಟಿಗೆ ಬಣ್ಣ ಮದ್ದಲ್ಲ

ಆಷಾಢದ ಮಳೆ ಹಿಡಿದರೆ ಆಗುಂಬೆ, ತೀರ್ಥಹಳ್ಳಿ ಕಡೆಯ ಮನೆಗಳಲ್ಲಿ ಚಪ್ಪಲಿ, ಬೆಲ್ಟು, ಬೀರುವಿನೊಳಗಿನ ರೇಷ್ಮೆ ಸೀರೆ ಎಲ್ಲಕ್ಕೂ ಬೂಷ್ಟು. ವರ್ಷದ ಸರಾಸರಿ ಮಳೆ 7,000 ಮಿ.ಮೀ. ದಾಟುವ ಆಗುಂಬೆಯಲ್ಲಿ ಅದೇನು ಸೋಜಿಗವಲ್ಲ. ಬೆಂಗಳೂರಿನ ಫ್ಲ್ಯಾಟುಗಳಲ್ಲೂ ಅದೇ ಗೋಳಿದೆಯಲ್ಲ, ಅದು ಸೋಜಿಗ!

ಬೂಷ್ಟು ಒಂದು ಶಿಲೀಂಧ್ರ. ಅದರ ಬೀಜಕಣಗಳು ಗಾಳಿಯಲ್ಲಿ ಸದಾ ತೇಲುತ್ತಿರುತ್ತವೆ. ಪಸೆ ಸಿಕ್ಕಿದರೆ 24ರಿಂದ 48 ಗಂಟೆಯೊಳಗೇ ಬೆಳೆಯತೊಡಗುತ್ತವೆ. ಹಾಗಾಗಿ ಕಪ್ಪು ಕಲೆಯ ಮೇಲೆ ಬಣ್ಣ ಬಳಿಸುವುದು ದುಡ್ಡು ದಂಡ. ಮೊದಲು ನೀರಿನ ಮೂಲ ಹುಡುಕಬೇಕು: ತಾರಸಿಯ ಬಿರುಕೋ, ಗೋಡೆಯೊಳಗೆ ಸೋರುವ ಪೈಪೋ, ಕಿಟಕಿ ಮುಚ್ಚಿದ ಕೋಣೆಯಲ್ಲಿ ಒಣಹಾಕಿದ ಬಟ್ಟೆಯೋ.

ಟೈಲ್ಸ್ ಮೇಲಿನದನ್ನು ಸೋಪಿನ ನೀರಿನಲ್ಲಿ ಉಜ್ಜಿ, ಚೆನ್ನಾಗಿ ಒಣಗಿಸಿದರೆ ಸಾಕು. ಒಣ ಪೊರಕೆ ಬೇಡ, ಕಣಗಳು ಮನೆಯೆಲ್ಲ ಹಾರುತ್ತವೆ. ಮಾಸ್ಕ್ ಇರಲಿ, ಉಬ್ಬಸವಿರುವವರು ಈ ಕೆಲಸಕ್ಕೆ ಕೈಹಾಕದಿರುವುದೇ ಲೇಸು. ಬ್ಲೀಚ್ ಬಳಸುವುದಾದರೆ ಆಸಿಡ್ ಜೊತೆ ಬೆರೆಸಲೇಬಾರದು, ಏಳುವ ಕ್ಲೋರಿನ್ ಅನಿಲ ಶ್ವಾಸಕೋಶಕ್ಕೆ ವಿಷ.

ಮಲೆನಾಡಿನ ಹಿರಿಯರು ಒದ್ದೆ ಬಟ್ಟೆಯನ್ನು ಬಚ್ಚಲೊಲೆಯ ಬಿಸಿಗೆ ಹರವುತ್ತಿದ್ದರು. ಒಲೆಯಿಲ್ಲದವರು ಬೀರುವನ್ನು ಗೋಡೆಯಿಂದ ನಾಲ್ಕು ಬೆರಳು ದೂರ ಸರಿಸಿ, ಬಿಸಿಲು ಕಂಡ ದಿನ ಅದರ ಬಾಗಿಲು ತೆರೆದಿಡಲಿ.