ಚೀಲದ ಮೇಲಿನ ಅಂಕಿ, ಹೊಲಕ್ಕೆ ಬೀಳುವ ತೂಕ

ಮುಂಗಾರಿಗೆ ಮೊದಲ ಹದ ಮಳೆ ಬಿದ್ದು ಹೊಗೆಸೊಪ್ಪಿನ ನಾಟಿ ಶುರುವಾಯಿತೆಂದರೆ ಹಾರನಹಳ್ಳಿ ಹೋಬಳಿಯ ಗೊಬ್ಬರದಂಗಡಿಗಳಲ್ಲಿ ಕೇಳಿಬರುವ ಪ್ರಶ್ನೆ ಒಂದೇ: "ಎಕರೆಗೆ ಎಷ್ಟು ಮೂಟೆ?" ಯಾವ ಗೊಬ್ಬರದ ಮೂಟೆ, ಅದರಲ್ಲಿ ಎಷ್ಟು ಸತ್ವ ಎಂದು ಕೇಳುವವರು ಕಡಿಮೆ. ಗಿಡಕ್ಕೆ ಸಿಗುವುದು ಮಾತ್ರ ಚೀಲದ ಮೇಲೆ ಅಚ್ಚಾಗಿರುವ ಶೇಕಡಾ ಅಂಕಿಯಷ್ಟೇ.

ಯೂರಿಯಾ ಚೀಲದ ಮೇಲೆ 46 ಎಂದಿರುತ್ತದೆ. ಇದು ಕಂಪನಿಯವರು ಇಷ್ಟಬಂದಂತೆ ಬರೆದದ್ದಲ್ಲ. ಯೂರಿಯಾದ ಒಂದು ಅಣುವಿನಲ್ಲಿ ಇಂಗಾಲದ ತೂಕ 12, ಆಮ್ಲಜನಕದ್ದು 16, ಎರಡು ಸಾರಜನಕ ಪರಮಾಣುಗಳದ್ದು 28, ನಾಲ್ಕು ಜಲಜನಕದ್ದು 4, ಒಟ್ಟು 60. ಆ ಅರವತ್ತರಲ್ಲಿ 28 ಅಂದರೆ ಶೇ. 46 ಚಿಲ್ಲರೆ. ಇದೇ ಲೆಕ್ಕದಲ್ಲಿ ಅಮೋನಿಯಂ ಸಲ್ಫೇಟಿನ ಅಣುತೂಕ 132, ಅದರಲ್ಲೂ ಸಾರಜನಕ 28 ಮಾತ್ರ. ಹಾಗಾಗಿ ಅದರ ಸತ್ವ ಶೇ. 21ರ ಆಸುಪಾಸು, ಯೂರಿಯಾದ ಅರ್ಧಕ್ಕಿಂತ ಕಡಿಮೆ. ಪ್ರೌಢಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ ಈ ಲೆಕ್ಕಕ್ಕೆ ಹೊರಗಿನವರ ಸಹಾಯ ಬೇಕಿಲ್ಲ.

ಯೂರಿಯಾ ಚೀಲ 2018ರಿಂದ 50 ಕಿಲೋ ಅಲ್ಲ, 45 ಕಿಲೋ. ಹಳೆಯ ರೂಢಿಯಲ್ಲಿ "ಒಂದು ಮೂಟೆ" ಎಂದು ಹಾಕಿದರೆ ಸಾರಜನಕ 23 ಕಿಲೋ ಬದಲು 20.7 ಕಿಲೋ ಬೀಳುತ್ತದೆ.

ಇನ್ನೊಂದು ಎಡವಟ್ಟು ಇದಕ್ಕಿಂತ ದುಬಾರಿ. ಶಿಫಾರಸು ಬರುವುದು ಸಾಮಾನ್ಯವಾಗಿ ಹೆಕ್ಟೇರಿಗೆ, ರೈತರ ಲೆಕ್ಕ ಎಕರೆ, ಗುಂಟೆಯಲ್ಲಿ. ಒಂದು ಹೆಕ್ಟೇರ್ ಅಂದರೆ 2.47 ಎಕರೆ. ಹೆಕ್ಟೇರಿನ ಅಂಕಿಯನ್ನೇ ಎಕರೆಗೆ ಸುರಿದರೆ ಸುಮಾರು ಎರಡೂವರೆ ಪಟ್ಟು ಗೊಬ್ಬರ ಬಿದ್ದಂತೆ. ಹೊಗೆಸೊಪ್ಪಿಗೆ ಸಾರಜನಕ ಮಿತಿಮೀರಿದರೆ ಎಲೆ ಕಡುಹಸಿರಾಗಿ, ತಡವಾಗಿ ಮಾಗಿ, ಸೊಪ್ಪು ಒಣಗಿಸುವ ಬ್ಯಾರನ್ನಿನಲ್ಲಿ ಹದವಾದ ಹಳದಿ ಬಣ್ಣ ಬರುವುದಿಲ್ಲ. ಹರಾಜು ಕಟ್ಟೆಯಲ್ಲಿ ದರ ಬೀಳುವುದು ಅಲ್ಲೇ.

ಲೆಕ್ಕ ಕಲಿಯಲು ಹೆಕ್ಟೇರಿಗೆ ಸಾರಜನಕ 60, ರಂಜಕ 40, ಪೊಟ್ಯಾಷ್ 120 ಕಿಲೋ ಎಂದಿಟ್ಟುಕೊಳ್ಳೋಣ. ಎಕರೆಗೆ ಇಳಿಸಿದರೆ 24.3, 16.2, 48.6. ಮೊದಲು ರಂಜಕ ಹಿಡಿಯಬೇಕು. ಡಿಎಪಿಯಲ್ಲಿ ಅದು ಶೇ. 46, ಆದ್ದರಿಂದ 16.2ನ್ನು 0.46ರಿಂದ ಭಾಗಿಸಿದರೆ 35 ಕಿಲೋ ಡಿಎಪಿ. ಡಿಎಪಿಯಲ್ಲಿ ಶೇ. 18 ಸಾರಜನಕವೂ ಇರುವುದರಿಂದ 6.3 ಕಿಲೋ ಆಗಲೇ ಸಿಕ್ಕಿತು. ಇದನ್ನು ಕಳೆಯುವುದನ್ನೇ ಎಷ್ಟೋ ಜನ ಮರೆಯುವುದು. ಉಳಿದ 18 ಕಿಲೋಗೆ ಶೇ. 20.5ರ ಅಮೋನಿಯಂ ಸಲ್ಫೇಟ್ ಸುಮಾರು 88 ಕಿಲೋ ಬೇಕು. ಪೊಟ್ಯಾಷಿಗೆ ಶೇ. 50ರ ಪೊಟ್ಯಾಸಿಯಂ ಸಲ್ಫೇಟ್, ಅಂದರೆ ಎಸ್‌ಒಪಿ 97 ಕಿಲೋ. ಸ್ವಂತ ಹೊಲದ ಅಂಕಿಗಳನ್ನು ಮಣ್ಣು ಪರೀಕ್ಷೆ ಮಾಡಿಸಿ, ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದಲ್ಲೋ ತಂಬಾಕು ಮಂಡಳಿಯ ಸಿಬ್ಬಂದಿಯಲ್ಲೋ ವಿಚಾರಿಸಿ ಪಡೆಯುವುದು ಕ್ಷೇಮ.

ಎಂಒಪಿ ಅಗ್ಗ, ಅದರಲ್ಲಿ ಪೊಟ್ಯಾಷೂ (ಆಕ್ಸೈಡ್ ಲೆಕ್ಕದಲ್ಲಿ) ಶೇ. 60, ಅದನ್ನೇ ಯಾಕೆ ಹಾಕಬಾರದು? ಉತ್ತರ ಮತ್ತೆ ಅಣುತೂಕದಲ್ಲಿದೆ. ಎಂಒಪಿ ಎಂದರೆ ಪೊಟ್ಯಾಸಿಯಂ ಕ್ಲೋರೈಡ್: ಪೊಟ್ಯಾಸಿಯಂ 39, ಕ್ಲೋರಿನ್ 35.5. ಅರ್ಧಕ್ಕೆ ಸ್ವಲ್ಪ ಕಡಿಮೆ ತೂಕ ಕ್ಲೋರೈಡೇ. 50 ಕಿಲೋ ಚೀಲ ಸುರಿದರೆ 23 ಕಿಲೋಗೂ ಹೆಚ್ಚು ಕ್ಲೋರೈಡ್ ಹೊಲಕ್ಕೆ ಇಳಿಯುತ್ತದೆ. ಹೊಗೆಸೊಪ್ಪಿನ ಎಲೆಯಲ್ಲಿ ಅದು ಶೇ. 1.5 ದಾಟಿದರೆ ಎಲೆ ತೇವ ಹೀರಿ ಸರಿಯಾಗಿ ಉರಿಯುವುದಿಲ್ಲ. ರಾಗಿಗೆ, ಮುಸುಕಿನ ಜೋಳಕ್ಕೆ ಎಂಒಪಿ ತಕರಾರಿಲ್ಲದೆ ನಡೆಯುತ್ತದೆ, ಹೊಗೆಸೊಪ್ಪಿಗೆ ಬೇಡ.

ಅಂಗಡಿಯಲ್ಲಿ ಲೆಕ್ಕ ಸರಿಯಾದರೂ ಸಾಲಿನಲ್ಲಿ ತಪ್ಪುವುದುಂಟು. ಬುಡಕ್ಕೆ ಗೊಬ್ಬರ ಕೊಡುವಾಗ ಕೈಗೆ ಸಿಗುವುದು ಯಾವುದೋ ಬಾಟಲಿಯ ಮುಚ್ಚಳ. ಅದೇ ಮುಚ್ಚಳದಲ್ಲಿ ಯೂರಿಯಾ ಹಗುರ, ಡಿಎಪಿ ಅದಕ್ಕಿಂತ ಭಾರ. ಸಾಲಿಗೆ 1 ಮೀಟರ್, ಗಿಡಕ್ಕೆ 55 ಸೆಂಟಿಮೀಟರ್ ಅಂತರವಿದ್ದರೆ ಎಕರೆಗೆ ಸುಮಾರು 7,350 ಗಿಡ. 35 ಕಿಲೋ ಡಿಎಪಿ ಹಂಚಿದರೆ ಗಿಡಕ್ಕೆ 5 ಗ್ರಾಂ ಕೂಡ ಬರುವುದಿಲ್ಲ. ಇಷ್ಟು ಸಣ್ಣ ತೂಕವನ್ನು ಒಂದೊಂದಾಗಿ ತೂಗಿದರೆ ತಕ್ಕಡಿಗೂ ಗೊತ್ತಾಗದು. ಇಪ್ಪತ್ತು ಮುಚ್ಚಳ ಸಮಮಟ್ಟಕ್ಕೆ ಸವರಿ ಒಟ್ಟಿಗೆ ತೂಗಿ, ಇಪ್ಪತ್ತರಿಂದ ಭಾಗಿಸಬೇಕು. ಮುಚ್ಚಳ ದೊಡ್ಡದಾದರೆ ಎಷ್ಟರ ಮಟ್ಟಕ್ಕೆ ತುಂಬಬೇಕೋ ಅಲ್ಲೊಂದು ಗೆರೆ ಎಳೆದರಾಯಿತು. ಗೊಬ್ಬರ ಬದಲಾದರೆ ಗೆರೆಯೂ ಬದಲಾಗುತ್ತದೆ.

ಶುಂಠಿ ಬೆಳೆಯುವವರಿಗೆ ರೋಗಕ್ಕೆ ಸಿಂಪಡಿಸುವ ಬೋರ್ಡೋ ದ್ರಾವಣದಲ್ಲೂ ಇದೇ ಕಥೆ. ಶೇ. 1 ಎಂದರೆ 100 ಲೀಟರ್ ನೀರಿಗೆ ಮೈಲುತುತ್ತ 1 ಕಿಲೋ, ಸುಟ್ಟ ಸುಣ್ಣ 1 ಕಿಲೋ. 10 ಲೀಟರಿಗಾದರೆ ತಲಾ 100 ಗ್ರಾಂ. ಮೈಲುತುತ್ತದ ಹರಳಿನಲ್ಲಿ ನೀರೂ ಕೂಡಿಕೊಂಡಿರುವುದರಿಂದ ತಾಮ್ರ ಕಾಲುಭಾಗ ಮಾತ್ರ. ಎರಡನ್ನೂ ಪ್ಲಾಸ್ಟಿಕ್ ಬಕೆಟ್‌ಗಳಲ್ಲಿ ಬೇರೆಬೇರೆ ಕರಗಿಸಿ, ಆಮೇಲೆ ಕಲಸಬೇಕು. ಹಳೆಯ ಸುಣ್ಣ ಗಾಳಿಗೆ ಸತ್ವ ಕಳೆದುಕೊಂಡಿರಬಹುದು, ಆಗ ತಕ್ಕಡಿಯ ತೂಕವೂ ಸಾಲದು. ಹೊಳೆಯುವ ಕಬ್ಬಿಣದ ಚಾಕುವನ್ನು ದ್ರಾವಣದಲ್ಲಿ ಒಂದು ನಿಮಿಷ ಅದ್ದಿ ತೆಗೆದಾಗ ಅಲಗಿಗೆ ಕೆಂಪು ಲೇಪ ಹತ್ತಿದರೆ ತಾಮ್ರ ಇನ್ನೂ ಹಸಿಯಾಗಿಯೇ ಉಳಿದಿದೆ, ಎಲೆ ಸುಡುತ್ತದೆ. ಲೇಪ ಹತ್ತುವುದು ನಿಲ್ಲುವವರೆಗೆ ಸುಣ್ಣದ ನೀರು ಸೇರಿಸುತ್ತ ಹೋಗಿ, ಕಲಸಿದ ದಿನವೇ ಸಿಂಪಡಿಸಿ ಮುಗಿಸಬೇಕು.