ತಂಬುಳಿ ಊಟದಲ್ಲೇ ತೂಕ ಇಳಿಸಿ

ತೂಕ ಇಳಿಸಲು ಹೊರಟ ಇಸಳೂರಿನವರು ಓಟ್ಸ್ ಪೊಟ್ಟಣಕ್ಕಾಗಿ ಶಿರಸಿ ಪೇಟೆಗೆ ಹೋಗಬೇಕೆಂದೇನಿಲ್ಲ. ಒಂದೆಲಗ, ಬಾಳೆದಿಂಡು, ಮೊಗೆಕಾಯಿ ಹಿತ್ತಲಲ್ಲೇ ಸಿಗುತ್ತವೆ. ನಮ್ಮ ಕಡೆಯ ಊಟದಲ್ಲಿ ಮೈಗೆ ಹತ್ತುವುದು ಅನ್ನದ ರಾಶಿ, ಧಾರಾಳದ ಕಾಯಿತುರಿ, ದೋಸೆಯ ಪಕ್ಕದ ಜೋನಿಬೆಲ್ಲ. ಕೈ ಹಿಡಿಯಬೇಕಾದ್ದು ಅಲ್ಲೇ.

ಮೊದಲು ಅಳತೆ. 100 ಗ್ರಾಂ ಅನ್ನದಲ್ಲಿ ಸುಮಾರು 130 ಕ್ಯಾಲೊರಿ, ಅಷ್ಟೇ ಹಸಿ ಕಾಯಿತುರಿಯಲ್ಲಿ 350ರ ಆಸುಪಾಸು. ಒಂದು ದೊಡ್ಡ ಚಮಚ ಎಣ್ಣೆಗೆ 120. ಕೊಬ್ಬರಿ ಎಣ್ಣೆ ಮನೆಯದ್ದೇ ಆದರೂ ರಿಯಾಯಿತಿ ಇಲ್ಲ! ಬಾಟಲಿ ಬಗ್ಗಿಸದೆ ಚಮಚದಲ್ಲಿ ಅಳೆದು ಹಾಕಿ.

ನಂತರ ತಂಬುಳಿ. ನಾಲ್ವರಿಗೆ ಎರಡು ಹಿಡಿ ಒಂದೆಲಗವನ್ನು ಮಣ್ಣು ಹೋಗುವಂತೆ ನಾಲ್ಕಾರು ನೀರಲ್ಲಿ ತೊಳೆಯಿರಿ. ಅರ್ಧ ಚಮಚ ತುಪ್ಪದಲ್ಲಿ ಒಂದು ಚಮಚ ಜೀರಿಗೆ, ಏಳೆಂಟು ಕಾಳುಮೆಣಸು ಹುರಿದು, ಅದರಲ್ಲೇ ಸೊಪ್ಪು ಬಾಡಿಸಿ. ಎರಡೇ ಚಮಚ ಕಾಯಿತುರಿ ಸೇರಿಸಿ ನುಣ್ಣಗೆ ರುಬ್ಬಿ, ಬೆಣ್ಣೆ ತೆಗೆದ ಎರಡು ಲೋಟ ಮಜ್ಜಿಗೆಗೆ ಬೆರೆಸಿ, ಉಪ್ಪು ಹಾಕಿ. ಕುದಿಸಬೇಡಿ, ಮಜ್ಜಿಗೆ ಒಡೆಯುತ್ತದೆ. ತೆಳ್ಳಗಾಯಿತೇ? ಲೋಟದಲ್ಲಿ ಕುಡಿದುಬಿಡಿ, ಅನ್ನವೂ ಉಳಿಯಿತು.

ಬಾಳೆದಿಂಡಿಗೆ ತಾಳ್ಮೆ ಬೇಕು. ಬಿಲ್ಲೆ ಬಿಲ್ಲೆಯಾಗಿ ಹೆಚ್ಚುತ್ತ, ಪ್ರತಿ ಬಿಲ್ಲೆಯ ನಾರನ್ನು ಬೆರಳಿಗೆ ಸುತ್ತಿ ಎಳೆದು ತೆಗೆಯಿರಿ. ಕಪ್ಪಾಗದಂತೆ ಮಜ್ಜಿಗೆ ನೀರಿಗೆ ಹಾಕಿಡಿ. ಸಣ್ಣಗೆ ಹೆಚ್ಚಿ, ನೆನೆಸಿದ ಹೆಸರುಬೇಳೆ, ನಿಂಬೆರಸ ಬೆರೆಸಿದರೆ ಕೋಸಂಬರಿ. ಒಗ್ಗರಣೆ ಇಲ್ಲದೆಯೂ ರುಚಿಯೇ.

ಬಡಿಸುವಾಗ ಅರ್ಧ ಬಟ್ಟಲು ತರಕಾರಿ, ಕಾಲು ಭಾಗ ಹೆಸರುಕಾಳೋ ಹುರುಳಿಯೋ, ಉಳಿದ ಕಾಲಿಗೆ ಅನ್ನ. ಕಾಳು ಬಿಟ್ಟರೆ ಸಂಜೆಯೊಳಗೆ ಹಸಿವೆ ಕಾಡಿ ಕೈ ಚಕ್ಕುಲಿ ಡಬ್ಬಿಗೆ ಹೋಗುತ್ತದೆ. ಮೀನು ತಿನ್ನುವವರು ಬಂಗಡೆಯನ್ನು ಹುರಿಯದೆ ಸಾರು ಮಾಡಿ, ಕಾಯಿ ಕಡಿಮೆ ಹಾಕಿ.

ಕಷ್ಟದ್ದು ಆಸರಿ, ಅಂದರೆ ಬಾಯಾರಿಕೆಗೆ ಕುಡಿಯುವುದು. ಎರಡು ಸಣ್ಣ ಚಮಚ ಸಕ್ಕರೆಯ ಚಹಾ ದಿನಕ್ಕೆ ನಾಲ್ಕು ಸಲವಾದರೆ, ಸಕ್ಕರೆಯಿಂದಲೇ 100 ಗ್ರಾಂ ಅನ್ನದಷ್ಟು ಕ್ಯಾಲೊರಿ ಬಂತು. ನೆಂಟರ ಮನೆಯಲ್ಲಿ 'ಬೇಡ' ಎಂದರೆ ಬೇಸರಿಸುತ್ತಾರೆ. 'ಮಜ್ಜಿಗೆ ಇದ್ದರೆ ಕೊಡಿ' ಎನ್ನಿ.

ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಅನ್ನ ಕಡಿಮೆ ಮಾಡಬಾರದು. ತೂಕ ವಾರಕ್ಕೊಮ್ಮೆ, ಬೆಳಿಗ್ಗೆ ಬರಿಹೊಟ್ಟೆಯಲ್ಲಿ ನೋಡಿ, ಅರ್ಧ ಕೆ.ಜಿ. ಇಳಿದರೆ ಸಾಕು. ಅಡಿಕೆ ಕೊಯ್ಲಿನಲ್ಲಿ ದಿನವಿಡೀ ದುಡಿದವರಿಗೆ ಮಾತ್ರ ಇನ್ನೊಂದು ಸೌಟು ಅನ್ನ ಬಡಿಸಿ.